ಮೂರು ದೂರು, ಒಂದೇ ಗಾಳಿ: ಸಂಡೂರು ಸೀಮೆಯ ಒಂದು ಎಕ್ಸ್‌ಕವೇಟರ್ ಕಾದ ಪ್ರಕರಣ

ಮೇ ತಿಂಗಳ ಎರಡನೆಯ ವಾರ. ಸಂಡೂರು ಮತ್ತು ತೋರಣಗಲ್ಲಿನ ನಡುವೆ ಇರುವ ಅದಿರಿನ ಯಾರ್ಡ್ ಒಂದರಿಂದ ಬೆಳಿಗ್ಗೆ ಫೋನ್ ಬಂತು. "ಗಾಡಿ ಹೀಟಾಗುತ್ತಿದೆ. ಹೆಡ್ ಇಳಿಸಲೇಬೇಕು ಎನ್ನುತ್ತಿದ್ದಾರೆ. ಇಳಿಸುವ ಮುಂಚೆ ನೀವೊಮ್ಮೆ ನೋಡಿ ಹೋಗಿ" ಎಂದರು ಮಾಲೀಕರು. ಸ್ವರದಲ್ಲಿ ಸಿಟ್ಟಿರಲಿಲ್ಲ, ಸೋತ ಭಾವವಿತ್ತು. ಇಪ್ಪತ್ತು ಟನ್ ವರ್ಗದ ಎಕ್ಸ್‌ಕವೇಟರ್, ಆರು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್, ಮೀಟರಿನಲ್ಲಿ ಒಂಬತ್ತು ಸಾವಿರ ಗಂಟೆ ದಾಟಿತ್ತು. ಅದಿರನ್ನು ಟಿಪ್ಪರುಗಳಿಗೆ ತುಂಬುವುದು ಅದರ ಕೆಲಸ. ಅದು ನಿಂತರೆ ಸಾಲಾಗಿ ಬಂದ ಟಿಪ್ಪರುಗಳೆಲ್ಲ ನಿಲ್ಲುತ್ತವೆ.

ಹೋಗುವ ಮುಂಚೆಯೇ ಫೋನಿನಲ್ಲಿ ಹಿಂದಿನ ಕಥೆಯನ್ನೆಲ್ಲ ಕೇಳಿ ಬರೆದುಕೊಂಡೆ. ಮಾರ್ಚ್ ಕೊನೆಯಿಂದ ಮಧ್ಯಾಹ್ನದ ಹೊತ್ತಿಗೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತ್ತು. ಮೊದಲು ಬಂದ ಮೆಕ್ಯಾನಿಕ್, ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟನ್ನು ತೆಗೆದೊಗೆದ. ಎರಡನೆಯವರು ರೇಡಿಯೇಟರ್ ಬಿಚ್ಚಿ ಹೊಸಪೇಟೆಗೆ ಕಳಿಸಿ ರಾಡ್ ಹೊಡೆಸಿ (ಕೊಳವೆಗಳೊಳಗೆ ಸರಳು ತೂರಿಸಿ ಕಟ್ಟಿದ್ದನ್ನು ತೆಗೆಸಿ) ತಂದರು, ಹೊಸ ಕ್ಯಾಪ್ ಹಾಕಿದರು. ಅದಾದ ಮೇಲೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ದಿನಕ್ಕೆ ನಾಲ್ಕು ಲೀಟರಿನಷ್ಟು ನೀರು ಕಾಣೆಯಾಗತೊಡಗಿತು. ಎಲ್ಲಿಯೂ ಸೋರಿಕೆ ಕಾಣದೆ ನೀರು ಕಡಿಮೆಯಾಗುತ್ತಿದೆ ಎಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡಿನ ಕೆಳಗೆ ಸೋರದಂತೆ ಕೂರಿಸುವ ಹಾಳೆ) ಹೋಗಿದೆ ಎಂಬ ತೀರ್ಮಾನ ಬಂದಿತ್ತು. ಬಿಡಿಭಾಗ, ಕೂಲಿ ಸೇರಿ ಒಂದೂವರೆ ಲಕ್ಷದ ಅಂದಾಜೂ ಸಿದ್ಧವಿತ್ತು.

"ರಿಪೇರಿಯ ನಂತರ ಹೆಚ್ಚಾಯಿತು" ಎಂಬ ಮಾತಿನ ಕೆಳಗೆ ಗೆರೆ ಎಳೆದುಕೊಂಡೆ.

ಆಪರೇಟರ್ ಹೇಳಿದ್ದು

ಯಾರ್ಡಿಗೆ ಹೋದವನು ಮೊದಲು ಬಾನೆಟ್ ತೆಗೆಸಲಿಲ್ಲ. ಆಪರೇಟರನ್ನು ಟಿಪ್ಪರಿನ ನೆರಳಿಗೆ ಕರೆದು ಕೂರಿಸಿಕೊಂಡೆ. ದಿನಕ್ಕೆ ಹತ್ತು ತಾಸು ಆ ಸೀಟಿನಲ್ಲಿ ಕೂರುವವನಿಗೆ ತಿಳಿದಷ್ಟು ಗಾಡಿಯ ವಿಷಯ ಬೇರೆ ಯಾರಿಗೂ ತಿಳಿದಿರುವುದಿಲ್ಲ. ಆದರೆ ಅವನನ್ನು ಕೇಳುವವರು ಕಡಿಮೆ.

"ತಮ್ಮಾ, ಹೀಟಾಗುವುದನ್ನು ಬಿಟ್ಟು ಬೇರೇನಾದರೂ ತೊಂದರೆ ಇದೆಯೇ?" ಎಂದು ಕೇಳಿದೆ.

"ಬೇರೇನೂ ಇಲ್ಲ ಅಣ್ಣಾ" ಎಂದ. ಒಂದು ಕ್ಷಣ ಬಿಟ್ಟು, "ಹನ್ನೆರಡು ಗಂಟೆಯ ನಂತರ ಬೂಮ್ ಸೋಲುತ್ತದೆ. ಬೆಳಿಗ್ಗೆ ಎತ್ತಿದ ಹಾಗೆ ಎತ್ತುವುದಿಲ್ಲ. ಎಸಿಯಂತೂ ತಿಂಗಳಿನಿಂದ ಬಿಸಿ ಗಾಳಿ ಬಿಡುತ್ತಿದೆ, ಆಫ್ ಮಾಡಿಟ್ಟಿದ್ದೇನೆ. ಅದನ್ನು ಹೇಳಿದರೆ ಈಗ ನಿನಗೆ ಎಸಿಯ ಚಿಂತೆಯೇ ಎನ್ನುತ್ತಾರೆ" ಎಂದ.

ನನ್ನ ಮಟ್ಟಿಗೆ ಈ ಪ್ರಕರಣದ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ಹೆಡ್ ಗ್ಯಾಸ್ಕೆಟ್ ಹೋದರೆ ಎಂಜಿನ್ ಕಾಯುತ್ತದೆ, ಸರಿ. ಎಸಿ ಏಕೆ ತಣ್ಣಗಾಗುವುದಿಲ್ಲ? ಬೂಮನ್ನು, ಅಂದರೆ ಬಕೆಟ್ ಹಿಡಿದ ದೊಡ್ಡ ತೋಳನ್ನು, ಎತ್ತುವ ಹೈಡ್ರಾಲಿಕ್ ಆಯಿಲ್ ಏಕೆ ಕಾದು ತೆಳ್ಳಗಾಗುತ್ತದೆ? ಎಂಜಿನ್ನಿನ ನೀರು, ಹೈಡ್ರಾಲಿಕ್ ಆಯಿಲ್, ಎಸಿಯ ಗ್ಯಾಸ್ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕೊಳವೆಗಳಲ್ಲಿ ಓಡುತ್ತವೆ. ಅವು ಹಂಚಿಕೊಳ್ಳುವುದು ಒಂದನ್ನೇ: ಗಾಳಿ. ಈ ಗಾಡಿಯಲ್ಲಿ ಎಡಬದಿಯ ಬಾಗಿಲಿನ ಜಾಲರಿಯಿಂದ ಒಳಬರುವ ಗಾಳಿ ಮೊದಲು ಎಸಿಯ ಬಿಸಿ ಹೊರಬಿಡುವ ಕಂಡೆನ್ಸರ್, ಅದರ ಹಿಂದೆ ಹೈಡ್ರಾಲಿಕ್ ಆಯಿಲ್ ಕೂಲರ್, ಅದರ ಹಿಂದೆ ರೇಡಿಯೇಟರ್ ದಾಟಿ ಫ್ಯಾನಿಗೆ ಬರುತ್ತದೆ. ಮೂರೂ ಒಟ್ಟಿಗೆ ಸೋತಿವೆ ಎಂದರೆ ಮೂರೂ ಒಂದೊಂದಾಗಿ ಕೆಟ್ಟಿವೆ ಎಂದು ನಂಬುವುದು ಕಷ್ಟ.

ಆದರೂ ಊಹೆಯ ಮೇಲೆ ಕೈ ಹಾಕಬಾರದು. ಹಿಂದಿನ ಇಬ್ಬರು ಮಾಡಿದ್ದೂ ಊಹೆಯ ಕೆಲಸವೇ.

ಮೊದಲ ದಿನ: ಅಳತೆ

ಮಧ್ಯಾಹ್ನ ಒಂದೂವರೆಗೆ ನೆರಳಿನಲ್ಲಿ ಉಷ್ಣಮಾಪಕ 41 ಡಿಗ್ರಿ ತೋರಿಸುತ್ತಿತ್ತು. ಮುಳ್ಳು ಸುಳ್ಳು ಹೇಳುತ್ತಿದೆಯೇ ಎಂಬುದು ಮೊದಲು ಗೊತ್ತಾಗಬೇಕು. ಸೆನ್ಸರ್ ಅಥವಾ ಅದರ ಅರ್ಥಿಂಗ್ ಕೆಟ್ಟು, ತಣ್ಣಗಿರುವ ಎಂಜಿನ್ ಬಿಸಿಯಾದಂತೆ ಕಂಡ ಉದಾಹರಣೆಗಳಿವೆ. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಇನ್‌ಫ್ರಾರೆಡ್ ಮಾಪಕ ಹಿಡಿದೆ. ಹೊಳೆಯುವ ಲೋಹಕ್ಕೆ ನೇರವಾಗಿ ಹಿಡಿದರೆ ಆ ಮಾಪಕ ಕಡಿಮೆ ತೋರಿಸುತ್ತದೆ, ಅದಕ್ಕೇ ಟೇಪ್. ಮುಳ್ಳು ಕೆಂಪಿನಲ್ಲಿದ್ದಾಗ 103 ಡಿಗ್ರಿ. ಮುಳ್ಳು ನಿಜವನ್ನೇ ಹೇಳುತ್ತಿತ್ತು. ಹೈಡ್ರಾಲಿಕ್ ಟ್ಯಾಂಕಿನ ಮೈ 99.

ಅಷ್ಟರಲ್ಲಿ ಆಪರೇಟರ್ ಅಭ್ಯಾಸಬಲದಿಂದ ಎಂಜಿನ್ ಆಫ್ ಮಾಡಲು ಕೀಲಿಗೆ ಕೈ ಹಾಕಿದ. ತಡೆದೆ. ಕೆಂಪಿಗೆ ಬಂದ ಎಂಜಿನ್ನನ್ನು ಒಮ್ಮೆಲೇ ಆಫ್ ಮಾಡಿದರೆ ಪಂಪ್ ನಿಲ್ಲುತ್ತದೆ, ನೀರಿನ ಓಟ ನಿಲ್ಲುತ್ತದೆ, ಹೆಡ್ಡಿನಲ್ಲಿ ಮತ್ತು ಟರ್ಬೊದಲ್ಲಿ ತುಂಬಿದ ಬಿಸಿಯೆಲ್ಲ ನಿಂತ ನೀರಿಗೆ ಇಳಿದು ಅಲ್ಲಿಯೇ ಕುದಿಸುತ್ತದೆ. ಬಕೆಟ್ ನೆಲಕ್ಕಿಟ್ಟು, ಲೋಡ್ ತೆಗೆದು, ಸಣ್ಣ ವೇಗದಲ್ಲಿ ಐದು ನಿಮಿಷ ಓಡಿಸಿ ಆಮೇಲೆ ನಿಲ್ಲಿಸಬೇಕು. ಹೆಲ್ಪರ್ ಹುಡುಗನ ಮುಂಗೈ ಮೇಲೆ ಒಣಗುತ್ತಿದ್ದ ಸುಟ್ಟ ಗಾಯವಿತ್ತು. ಹಿಂದಿನ ವಾರ ಬಿಸಿ ಇದ್ದಾಗಲೇ ಕ್ಯಾಪ್ ತಿರುಗಿಸಿದ್ದನಂತೆ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದ್ದರೂ ಕುದಿಯದೆ ಸುಮ್ಮನಿರುತ್ತದೆ. ಕ್ಯಾಪ್ ಸಡಿಲಿಸಿದ ಗಳಿಗೆಯಲ್ಲೇ ಆವಿಯಾಗಿ ಎದ್ದು ಮುಖಕ್ಕೆ ಹೊಡೆಯುತ್ತದೆ. ಆ ಹುಡುಗನ ಕಣ್ಣು ಉಳಿದಿದ್ದು ಅದೃಷ್ಟ. ಮೇಲಿನ ಹೋಸನ್ನು ಬಟ್ಟೆ ಸುತ್ತಿ ಹಿಚುಕಿದಾಗ ಮೆತ್ತಗಿದ್ದರೆ ಮಾತ್ರ ಕ್ಯಾಪ್ ಮುಟ್ಟಬೇಕೆಂದು ಅವನ ಕೈಯಿಂದಲೇ ಹಿಚುಕಿಸಿ ತೋರಿಸಿದೆ.

ಸಂಜೆ ಗಾಡಿ ಆರಿದ ಮೇಲೆ ಹೆಡ್ಡಿನ ಆರೋಪವನ್ನು ಪರೀಕ್ಷಿಸಿದೆವು. ರೇಡಿಯೇಟರ್ ಬಾಯಿಗೆ ಕೈಪಂಪ್ ಕೂರಿಸಿ 0.9 ಬಾರ್ ಒತ್ತಡ ಕೊಟ್ಟು ಹದಿನೈದು ನಿಮಿಷ ಕಾದೆವು. ಪಂಪಿನ ಮುಳ್ಳು ಅಲುಗಲಿಲ್ಲ, ಅಂದರೆ ಒತ್ತಡ ಎಲ್ಲಿಯೂ ಸೋರಲಿಲ್ಲ. ಆಮೇಲೆ ಗ್ಯಾಸ್ ಪರೀಕ್ಷೆ: ನೀಲಿ ದ್ರಾವಣವಿರುವ ಕೊಳವೆಯನ್ನು ಬಾಯಿಗಿಟ್ಟು, ಎಂಜಿನ್ ಓಡಿಸಿ, ನೀರಿನ ಮೇಲಿನ ಗಾಳಿಯನ್ನು ಅದರೊಳಗೆ ಎಳೆಯಬೇಕು. ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡಿಗೆ ನೀಲಿ ಬಣ್ಣ ಹಸಿರು ಇಲ್ಲವೇ ಹಳದಿಗೆ ತಿರುಗುತ್ತದೆ. ನಮ್ಮದು ನೀಲಿಯಾಗಿಯೇ ಉಳಿಯಿತು. ಹೆಡ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಹೆಡ್ ಇಳಿಸಲು ಹೇಳುವುದನ್ನು ನಾನು ಒಪ್ಪಲಾರೆ.

ಹಾಗಾದರೆ ನಾಲ್ಕು ಲೀಟರ್ ನೀರು ಎಲ್ಲಿಗೆ ಹೋಗುತ್ತಿತ್ತು? ಹೊಸ ಕ್ಯಾಪನ್ನು ಅದೇ ಪಂಪಿಗೆ ಕೂರಿಸಿದೆ. 0.5 ಬಾರಿಗೇ ಬಾಯಿ ಬಿಟ್ಟಿತು. ಅಳತೆಯಲ್ಲಿ ಸರಿಯಾಗಿ ಕೂರುವ, ಆದರೆ ಬೇರೆ ಯಾವುದೋ ಗಾಡಿಯ ಕ್ಯಾಪ್. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಸಂಡೂರು ಸೀಮೆಯಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಈ ಗಾಡಿಗೆ ಸರಿಯಾದ 0.9 ಬಾರಿನ ಕ್ಯಾಪ್ ಅದನ್ನು ಸುಮಾರು 118ಕ್ಕೆ ಏರಿಸುತ್ತದೆ, 0.5ರದು 110ರಲ್ಲೇ ಕೈಬಿಡುತ್ತದೆ. 103 ಇದ್ದಾಗ ಎಂಜಿನ್ ಆಫ್ ಮಾಡಿದರೆ ಹೆಡ್ಡಿನ ಸುತ್ತ ನಿಂತ ನೀರು ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ನೀರು ದಿನವೂ ಓವರ್‌ಫ್ಲೋ ಕೊಳವೆಯಿಂದ ಕೆಂಪು ಮಣ್ಣಿಗೆ ಬಿದ್ದು, ಕಲೆಯೂ ಉಳಿಯದಂತೆ ಇಂಗಿ ಹೋಗುತ್ತಿತ್ತು.

ಥರ್ಮೋಸ್ಟಾಟ್ ಮರಳಿ ಅದರ ಜಾಗಕ್ಕೆ

ನಮ್ಮ ಕಡೆ ಥರ್ಮೋಸ್ಟಾಟ್ ತೆಗೆದೊಗೆಯುವುದು ಹಳೆಯ ಚಾಳಿ. ಬಾಗಿಲು ಕಿತ್ತರೆ ಗಾಳಿ ಹೆಚ್ಚು ಬರುತ್ತದೆ ಎಂಬ ಲೆಕ್ಕ. ಆದರೆ ಈ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟಿಗೆ ಎರಡು ಕೆಲಸ. ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುತ್ತದೆ, ಅದೇ ಚಲನೆಯಲ್ಲಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನೇ ತೆಗೆದರೆ ಬೈಪಾಸ್ ಸದಾ ತೆರೆದಿರುತ್ತದೆ; ನೀರಿನ ಒಂದು ಪಾಲು ರೇಡಿಯೇಟರ್ ಕಾಣದೆಯೇ ಬಿಸಿಬಿಸಿಯಾಗಿ ಎಂಜಿನ್ನಿಗೆ ಮರಳುತ್ತದೆ. ಬೇಸಿಗೆಯಲ್ಲಿ ಎಂಜಿನ್ ಇನ್ನಷ್ಟು ಕಾಯುತ್ತದೆ, ಚಳಿಗಾಲದ ಬೆಳಿಗ್ಗೆ ಬೇಗ ಬಿಸಿಯೇರದೆ ಡೀಸೆಲ್ ಹೆಚ್ಚು ಕುಡಿಯುತ್ತದೆ. ಎರಡು ಕಡೆಯೂ ನಷ್ಟ.

ಹೊಸದನ್ನು ತರಿಸಿ, ಕೂರಿಸುವ ಮುಂಚೆ ಯಾರ್ಡಿನ ಅಡುಗೆಯವರ ಪಾತ್ರೆಯಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಟ್ಟೆವು. 77ರಲ್ಲಿ ಕದಲಿತು, 90ಕ್ಕೆ ಪೂರ್ತಿ ತೆರೆಯಿತು. ಸರಿಯಾದ ಕ್ಯಾಪನ್ನೂ ಹಾಕಿದೆವು. ಇವೆರಡನ್ನೂ ಸರಿ ಮಾಡದೆ ಮುಂದಿನ ಯಾವ ಅಳತೆಯೂ ನಂಬಿಕೆಗೆ ಅರ್ಹವಾಗುತ್ತಿರಲಿಲ್ಲ.

ಎರಡನೆಯ ದಿನ: ನೀರೋ, ಗಾಳಿಯೋ

ಮಧ್ಯಾಹ್ನ ಮತ್ತೆ 41 ಡಿಗ್ರಿ, ಪೂರ್ತಿ ಲೋಡ್. ರೇಡಿಯೇಟರಿಗೆ ನೀರು ಒಳಹೋಗುವ ಮೇಲಿನ ಕೊಳವೆ 102, ಹೊರಬರುವ ಕೆಳಗಿನದು 96. ಮುಳ್ಳು ಮತ್ತೆ ಕೆಂಪಿನಲ್ಲೇ.

ಆರು ಡಿಗ್ರಿಯ ಆ ಅಂತರದಲ್ಲಿ ಬಹಳ ಸಂಗತಿ ಅಡಗಿದೆ. ಪಂಪ್ ಸವೆದಿದ್ದರೆ, ರೇಡಿಯೇಟರಿನ ಕೊಳವೆಗಳು ಒಳಗೆ ಕಟ್ಟಿದ್ದರೆ, ಕೆಳಗಿನ ಹೋಸ್ ಒಳಕ್ಕೆ ಸೆಳೆದು ಚಪ್ಪಟೆಯಾಗುತ್ತಿದ್ದರೆ ನೀರು ನಿಧಾನವಾಗಿ ಓಡುತ್ತದೆ. ನಿಧಾನವಾಗಿ ಓಡುವ ನೀರು ರೇಡಿಯೇಟರಿನಲ್ಲಿ ಹೆಚ್ಚು ಹೊತ್ತು ಇದ್ದು ಹೆಚ್ಚು ಆರಿ ಬರುತ್ತದೆ. ಅಂತರ ಹದಿನೈದು, ಇಪ್ಪತ್ತು ಡಿಗ್ರಿಯಾಗುತ್ತದೆ. ಇಲ್ಲಿ ಹಾಗಿಲ್ಲ. ನೀರು ಚೆನ್ನಾಗಿಯೇ ಓಡುತ್ತಿದೆ, ಬಿಸಿಯನ್ನು ರೇಡಿಯೇಟರಿನವರೆಗೆ ಹೊತ್ತು ತರುತ್ತಿದೆ. ಅಲ್ಲಿಂದ ಅದನ್ನು ಒಯ್ಯುವವರಿಲ್ಲ.

ಬೆಳಿಗ್ಗೆ ಮತ್ತು ರಾತ್ರಿ ತೊಂದರೆ ಏಕಿರಲಿಲ್ಲ ಎಂಬುದಕ್ಕೂ ಇದೇ ಉತ್ತರ. ಪೂರ್ತಿ ಲೋಡಿನಲ್ಲಿ ಎಂಜಿನ್ನಿನ ನೀರು ಹೊರಗಿನ ಗಾಳಿಗಿಂತ 61 ಡಿಗ್ರಿ ಮೇಲೆ ನಿಲ್ಲುತ್ತಿತ್ತು. ನಸುಕಿನ 27ಕ್ಕೆ 61 ಸೇರಿಸಿದರೆ 88, ಯಾರಿಗೂ ಗೊತ್ತಾಗದು. ಮೇ ಮಧ್ಯಾಹ್ನದ 41ಕ್ಕೆ ಸೇರಿಸಿದರೆ ಕೆಂಪು. ಕಾಯಿಲೆ ದಿನವಿಡೀ ಇತ್ತು, ಬಿಸಿಲು ಬಂದಾಗ ಮಾತ್ರ ಕಾಣುತ್ತಿತ್ತು.

ದೀಪ ಹಿಡಿದಾಗ

ರಾತ್ರಿ ಎಂಟಕ್ಕೆ ಯಾರ್ಡಿನ ದೊಡ್ಡ ದೀಪಗಳನ್ನು ಆರಿಸಿದೆವು. ರೇಡಿಯೇಟರ್ ಮತ್ತು ಆಯಿಲ್ ಕೂಲರ್ ನಡುವಿನ ಸಂದಿಯಲ್ಲಿ ತೆಳ್ಳಗಿನ ಎಲ್‌ಇಡಿ ಪಟ್ಟಿಯನ್ನು ಇಳಿಬಿಟ್ಟು, ಎಡಬದಿಯ ಬಾಗಿಲಿನ ಮುಂದೆ ನಿಂತು ನೋಡಿದೆವು. ಕೂಲರಿನ ತೆಳು ಲೋಹದ ರೆಕ್ಕೆಗಳ ನಡುವಿನಿಂದ ಬೆಳಕು ಜರಡಿಯಲ್ಲಿ ಕಂಡಂತೆ ಪೂರ್ತಿ ಹರಡಿ ಕಾಣಬೇಕಿತ್ತು. ಮೇಲಿನ ಬಲಮೂಲೆಯಲ್ಲಿ ಅಂಗೈಯಗಲ ಬೆಳಕು, ಉಳಿದದ್ದೆಲ್ಲ ಗವ್ವೆನ್ನುವ ಕತ್ತಲು. ಮಾಲೀಕರು ಮಾತಾಡದೆ ಬಹಳ ಹೊತ್ತು ನೋಡುತ್ತ ನಿಂತರು.

ಕಂಡೆನ್ಸರಿನ ಗ್ಯಾಸ್ ಪೈಪುಗಳನ್ನು ಮುಟ್ಟದೆ, ಬ್ರಾಕೆಟಿನ ಬೋಲ್ಟುಗಳನ್ನು ಮಾತ್ರ ಬಿಚ್ಚಿ ಪಕ್ಕಕ್ಕೆ ಸರಿಸಿದೆವು. ಹಿಂದೆ ಆಯಿಲ್ ಕೂಲರಿನ ಮುಖ ಕಾಣಲಿಲ್ಲ. ಅದರ ಮೇಲೆ ಬೆರಳ ದಪ್ಪದ ಕೆಂಪು ಕಂಬಳಿಯೊಂದು ಅಂಟಿತ್ತು. ಅಂಚಿಗೆ ಉಗುರು ತೂರಿಸಿ ಎಳೆದರೆ ರೊಟ್ಟಿಯ ಹಾಗೆ ತುಂಡುತುಂಡಾಗಿ ಕಿತ್ತು ಬಂತು. ಅಂಗೈಯಗಲದ ತುಂಡೂ ಕೈಗೆ ಭಾರವಾಗುತ್ತಿತ್ತು. ನಮ್ಮ ಹೆಮಟೈಟ್ ಕಬ್ಬಿಣದ ಅದಿರು ಅಷ್ಟೇ ಗಾತ್ರದ ನೀರಿನ ಸುಮಾರು ಐದು ಪಟ್ಟು ತೂಗುತ್ತದೆ. ಅದರ ಪುಡಿ ಒಣಗಿದ್ದರೆ ಗಾಳಿಯ ಜೊತೆ ಬಂದು ಗಾಳಿಯ ಜೊತೆಯೇ ಹೋಗುತ್ತದೆ. ಇದು ಹೋಗದೆ ಕೂತಿತ್ತು. ಮೂಗಿಗೆ ಹಿಡಿದೆ. ಹೈಡ್ರಾಲಿಕ್ ಆಯಿಲ್ ವಾಸನೆ.

ಕೂಲರಿನ ಮೇಲ್ತುದಿಯ ಹೋಸ್ ಜೋಡಣೆಯನ್ನು ಒರೆಸಿ ಎಂಜಿನ್ ಓಡಿಸಿದೆವು. ಹತ್ತು ನಿಮಿಷದಲ್ಲಿ ಬೆವರಿನ ಹಾಗೆ ಆಯಿಲ್ ಒಸರಿತು. ಒಳಗಿನ ಓ-ರಿಂಗ್ ಗಾಜಿನಂತೆ ಗಡುಸಾಗಿತ್ತು. ಟ್ಯಾಂಕಿನ ಮಟ್ಟ ಇಳಿಯುವಷ್ಟು ಸೋರಿಕೆಯಲ್ಲ, ನೆಲಕ್ಕೂ ಬೀಳುವುದಿಲ್ಲ. ಬಿದ್ದದ್ದನ್ನೆಲ್ಲ ಗಾಳಿ ಕೂಲರಿನ ಮುಖಕ್ಕೆ ಸವರುತ್ತಿತ್ತು, ಅದಿರಿನ ಧೂಳು ಅದರ ಮೇಲೆ ಪದರ ಪದರವಾಗಿ ಕೂರುತ್ತಿತ್ತು. ಬೆಲೆಯಲ್ಲಿ ಒಂದು ಊಟದ ಖರ್ಚೂ ಆಗದ ಆ ರಬ್ಬರ್ ಉಂಗುರವೇ ಈ ಪ್ರಕರಣದ ಬೇರು.

ಹಿಂದಿನವರಿಗೆ ಇದು ಕಾಣದ್ದಕ್ಕೆ ಕಾರಣವಿದೆ. ರೇಡಿಯೇಟರ್ ಬಿಚ್ಚಿದಾಗ ಕಂಡದ್ದು ಆಯಿಲ್ ಕೂಲರಿನ ಬೆನ್ನು, ಅಲ್ಲಿ ಸ್ವಲ್ಪ ಒಣಧೂಳು ಮಾತ್ರ. ಹೊರಗಿನಿಂದ ನೋಡಿದರೆ ದಿನವೂ ತೊಳೆದ ಕಂಡೆನ್ಸರ್ ಫಳಫಳ ಹೊಳೆಯುತ್ತಿತ್ತು. ಪ್ರೆಷರ್ ವಾಷರಿನಿಂದ ಹೊರಗಿನಿಂದ ಹೊಡೆದ ನೀರು ಕೆಸರನ್ನು ಇನ್ನಷ್ಟು ಒಳಕ್ಕೆ ತುರುಕಿತ್ತು.

ತೊಳೆಯಲು ಒಂದು ರಾತ್ರಿ, ಅರ್ಧ ಹಗಲು ಹಿಡಿಯಿತು. ಕೈಗೆ ಬಂದದ್ದನ್ನು ಕಿತ್ತು, ಎಣ್ಣೆ ಕರಗಿಸುವ ದ್ರಾವಣ ಸಿಂಪಡಿಸಿ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು, ಕಡಿಮೆ ಒತ್ತಡದ ನೀರನ್ನು ಫ್ಯಾನಿನ ಕಡೆಯಿಂದ ಹೊರಕ್ಕೆ ಬಿಟ್ಟೆವು. ಧೂಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ನಳಿಕೆಯನ್ನು ರೆಕ್ಕೆಗಳಿಗೆ ನೇರವಾಗಿ ಹಿಡಿಯಬೇಕು. ಓರೆಯಾದರೆ ಕಾಗದದಂತಹ ಅಲ್ಯೂಮಿನಿಯಂ ರೆಕ್ಕೆ ಮಡಚಿ ದಾರಿ ತಾನೇ ಮುಚ್ಚುತ್ತದೆ. ಮೂರು ಸಲ ನೆನೆಸಿ ಮೂರು ಸಲ ತೊಳೆದ ಮೇಲೆ ಕೆಳಗೆ ಹರಿಯುವ ನೀರು ತಿಳಿಯಾಯಿತು. ಮಡಚಿದ ರೆಕ್ಕೆಗಳನ್ನು ಹೆಲ್ಪರ್ ಹುಡುಗ ತೆಳು ಪಟ್ಟಿಯಿಂದ ಒಂದೊಂದಾಗಿ ನೇರ ಮಾಡಿದ. ಅಷ್ಟು ತಾಳ್ಮೆ ನನಗೂ ಇರಲಿಲ್ಲ. ಕೂಲರುಗಳ ಅಂಚಿನ ಸ್ಪಂಜಿನ ಪಟ್ಟಿಗಳು ಮೊದಲ ಬಿಚ್ಚುವಿಕೆಯಲ್ಲೇ ಕಳೆದುಹೋಗಿದ್ದವು. ಆ ಸಂದಿಯಿಂದ ಎಂಜಿನ್ ಕಡೆಯ ಬಿಸಿ ಗಾಳಿ ಸುತ್ತಿ ಬಂದು ಮತ್ತೆ ಒಳಗೇ ಹೋಗುತ್ತಿತ್ತು. ಹೊಸ ಪಟ್ಟಿ ಅಂಟಿಸಿ, ಓ-ರಿಂಗ್ ಬದಲಿಸಿ ಕಟ್ಟಿದೆವು.

ಅಷ್ಟಾದರೂ 97

ಮೂರನೆಯ ಮಧ್ಯಾಹ್ನ ಮೇಲಿನ ಕೊಳವೆ 97. ಮುಳ್ಳು ಕೆಂಪಿಗೆ ಹೋಗಲಿಲ್ಲ, ಅದರ ಹೊಸ್ತಿಲಲ್ಲಿ ನಿಂತಿತು. "ಸಾಕು ಬಿಡಿ, ಗಾಡಿ ನಿಲ್ಲದೆ ಓಡುತ್ತಿದೆಯಲ್ಲ" ಎಂದರು ಮಾಲೀಕರು. ನನಗೆ ಸಮಾಧಾನವಾಗಲಿಲ್ಲ. ಇಷ್ಟು ತೊಳೆದ ಮೇಲೆ ಐದು ಡಿಗ್ರಿ ಮಾತ್ರ ಇಳಿಯುವುದು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಜೊತೆಗೆ ಗೆರೆ ಎಳೆದಿಟ್ಟ ಆ ಮಾತು ಇನ್ನೂ ಉತ್ತರವಿಲ್ಲದೆ ಉಳಿದಿತ್ತು. ಕೆಂಪು ಕಂಬಳಿ ಮಾರ್ಚಿನಿಂದಲೂ ಇತ್ತು. ರೇಡಿಯೇಟರ್ ಬಿಚ್ಚಿ ಕಟ್ಟಿದ ದಿನದಿಂದ ಹೆಚ್ಚಾದದ್ದು ಏಕೆ? ಕ್ಯಾಪಿನಿಂದ ನೀರು ಹೋಗಬಹುದು, ಮುಳ್ಳು ಇಷ್ಟು ಏರಲಾರದು.

ಜಾಲರಿಗೆ ದಿನಪತ್ರಿಕೆಯ ಒಂದು ಹಾಳೆ ಹಿಡಿದೆ. ಎಂಜಿನ್ ಪೂರ್ತಿ ವೇಗದಲ್ಲಿದ್ದಾಗ ಹಾಳೆ ಬಿಗಿಯಾಗಿ ಅಂಟಿಕೊಳ್ಳಬೇಕು. ಅಂಟಿತು, ಜೋತಾಡಿತು, ಜಾರಿತು. ಬೆಲ್ಟ್ ನೋಡಿದೆ, ಸರಿಯಿತ್ತು. ಹೊಳೆಯುವ ಕಾಗದದ ಚೂರು ಅಂಟಿಸಿ ಟ್ಯಾಕೋಮೀಟರಿನಿಂದ ಫ್ಯಾನಿನ ವೇಗ ಅಳೆದೆ, ಅದೂ ಸರಿ. ವೇಗ ಸರಿಯಿದ್ದು ಗಾಳಿ ಇಲ್ಲ. ಎಂಜಿನ್ ನಿಲ್ಲಿಸಿ, ಬ್ಯಾಟರಿ ಸ್ವಿಚ್ ತೆಗೆಸಿ, ಒಳಗೆ ಕೈ ಹಾಕಿ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಸವರಿದೆ.

ರೆಕ್ಕೆಯ ತಗ್ಗು ಮೈ ಗಾಳಿಯನ್ನು ನೂಕುವ ಕಡೆಗೆ, ಅಂದರೆ ಈ ಗಾಡಿಯಲ್ಲಿ ಎಂಜಿನ್ ಕಡೆಗೆ ಇರಬೇಕು. ನನ್ನ ಬೆರಳಿಗೆ ಅದು ರೇಡಿಯೇಟರ್ ಕಡೆಗೆ ಸಿಕ್ಕಿತು. ರೇಡಿಯೇಟರ್ ಬಿಚ್ಚಲು ಫ್ಯಾನ್ ತೆಗೆದವರು ಮರಳಿ ಹಾಕುವಾಗ ತಿರುಗುಮುರುಗಾಗಿ ಕೂರಿಸಿದ್ದರು. ಬೋಲ್ಟಿನ ತೂತುಗಳು ಎರಡೂ ಕಡೆಯಿಂದ ಹೊಂದುತ್ತವೆ. ಫ್ಯಾನನ್ನು ಹಿಂದುಮುಂದಾಗಿ ಹಾಕಿದರೂ ಗಾಳಿಯ ದಿಕ್ಕು ಬದಲಾಗುವುದಿಲ್ಲ. ಗಾಳಿ ಅದೇ ಕಡೆಗೆ ಹೋಗುತ್ತದೆ, ಬಹಳ ಕಡಿಮೆ ಹೋಗುತ್ತದೆ. ಆದ್ದರಿಂದಲೇ ಕೈ ಹಿಡಿದು ನೋಡಿದವರಿಗೆಲ್ಲ "ಗಾಳಿ ಬರುತ್ತಿದೆಯಲ್ಲ" ಎನ್ನಿಸಿತ್ತು. ಬಿಚ್ಚುವ ಮುಂಚೆ ಎಂಜಿನ್ ಕಡೆಯ ಮುಖಕ್ಕೆ ಸುಣ್ಣದ ಕಡ್ಡಿಯಿಂದ ಒಂದು ಗುರುತು ಹಾಕಿದ್ದರೆ, ಅಥವಾ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿದ್ದರೆ ಸಾಕಿತ್ತು.

ತಿರುಗಿಸಿ ಹಾಕಿ ಪತ್ರಿಕೆಯ ಹಾಳೆ ಹಿಡಿದೆ. ಚಪ್ಪನೆ ಅಂಟಿ ಮಧ್ಯದಲ್ಲಿ ಹರಿಯಿತು.

ನಾಲ್ಕನೆಯ ಮಧ್ಯಾಹ್ನ, ಅದೇ 41 ಡಿಗ್ರಿ, ಅದೇ ಲೋಡ್. ಮೇಲೆ 91, ಕೆಳಗೆ 84, ಎರಡು ತಾಸು ಅಲ್ಲಿಯೇ ನಿಂತಿತು. ಹೈಡ್ರಾಲಿಕ್ ಟ್ಯಾಂಕ್ 84.

ಉಳಿದ ಮಾತು ನೀರಿನದು

ಗಾಡಿಯಿಂದ ಇಳಿಸಿದ ನೀರು ಅದಿರಿನಷ್ಟೇ ಕೆಂಪಾಗಿತ್ತು. ಎರಡು ವರ್ಷದಿಂದ ಬರೀ ಬೋರ್ ನೀರು. ನಮ್ಮ ಮನೆಗಳ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟಿಸುವ ನೀರೇ ಎಂಜಿನ್ನಿನ ಒಳಗೂ ಅದೇ ಪದರ ಕಟ್ಟುತ್ತದೆ. ಆ ಪದರ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಕಡಿಮೆ ಬಿಸಿ ಬಿಡುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಬಳ್ಳಾರಿಯ ಗಣಿಗಳು ನಿಂತಾಗ ಬರೀ ನೀರು ತುಂಬಿಟ್ಟು ನಿಂತ ಗಾಡಿಗಳನ್ನು ಆಮೇಲೆ ನಾನು ತೆರೆದಿದ್ದೇನೆ. ಒಳಗೆ ತುಕ್ಕಿನ ಕೆಸರು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಇನ್ನೊಂದು ಹಾನಿ ಕಣ್ಣಿಗೆ ಕಾಣದು. ಇಂತಹ ಡೀಸೆಲ್ ಎಂಜಿನ್ನುಗಳ ಲೈನರ್ (ಪಿಸ್ಟನ್ ಓಡುವ ಸಿಲಿಂಡರಿನ ಗೋಡೆ) ಪ್ರತಿ ಸ್ಫೋಟಕ್ಕೂ ಸಣ್ಣಗೆ ನಡುಗುತ್ತದೆ, ಅದರ ಹೊರಮೈಯ ನೀರಿನಲ್ಲಿ ಆವಿಯ ಗುಳ್ಳೆ ಎದ್ದು ಒಡೆಯುತ್ತದೆ, ಒಡೆದಲ್ಲೆಲ್ಲ ಲೋಹ ಚುಕ್ಕಿ ಚುಕ್ಕಿಯಾಗಿ ಸವೆಯುತ್ತದೆ. ನೀರಿಗೆ ಬೆರೆಸುವ ಕೂಲಂಟಿನಲ್ಲಿರುವ ರಾಸಾಯನಿಕ ಆ ಮೈಗೆ ಕವಚ ಕಟ್ಟುತ್ತದೆ, ಬರೀ ನೀರು ಕಟ್ಟುವುದಿಲ್ಲ. ಒಳಗನ್ನು ತೊಳೆದು, ಡಿಸ್ಟಿಲ್ಡ್ ವಾಟರ್ ಮತ್ತು ಗ್ಲೈಕಾಲ್ ಕೂಲಂಟನ್ನು ಸಮಪಾಲು ಬೆರೆಸಿ ತುಂಬಿದೆವು. ಎರಡು ವರ್ಷದಲ್ಲಿ ಲೈನರಿಗೆ ಎಷ್ಟು ಪೆಟ್ಟು ಬಿದ್ದಿದೆ ಎಂಬುದು ಎಂಜಿನ್ ತೆರೆಯುವ ದಿನವೇ ತಿಳಿಯಬೇಕು. ಮಾಲೀಕರಿಗೆ ಅದನ್ನು ಮುಚ್ಚಿಡದೆ ಹೇಳಿದ್ದೇನೆ.

ಜೂನ್ ಮೊದಲ ವಾರ ಆ ದಾರಿಯಲ್ಲಿ ಹೋಗುವಾಗ ಯಾರ್ಡಿಗೆ ತಿರುಗಿದೆ. ಕ್ಯಾಬಿನ್ನಿನ ಗಾಜು ಮುಚ್ಚಿತ್ತು, ಒಳಗೆ ಎಸಿ ಓಡುತ್ತಿತ್ತು. ಹೆಲ್ಪರ್ ಹುಡುಗ ಓಡಿ ಬಂದು, ಶಿಫ್ಟ್ ಬದಲಾಗುವ ಹೊತ್ತಿಗೆ ತಾನೇ ದೀಪ ಇಳಿಬಿಟ್ಟು ನೋಡುತ್ತೇನೆಂದೂ, ಹಿಂದಿನ ವಾರ ಕೆಳಗಿನ ಎಡಮೂಲೆ ಮಬ್ಬಾಗಿ ಕಂಡಾಗ ಗಾಳಿ ಹೊಡೆದೆನೆಂದೂ ಹೇಳಿದ. ಓ-ರಿಂಗ್ ಜಾಗವನ್ನು ಬೆರಳಿನಿಂದ ಒರೆಸಿ ನೋಡಿದೆ. ಬೆರಳಿಗೆ ಒಣಧೂಳು ಮಾತ್ರ ಹತ್ತಿತು.